ಕಾಕ್‌ಪಿಟ್‌ನಲ್ಲಿ ದೀಪ ಜಾಸ್ತಿ ಆಯ್ತು

ಆರು ವರ್ಷ ಹಿಡಿದು ನಾನೇ ಕಟ್ಟಿದ ವಿಮಾನ. ಎರಡು ಸೀಟು, ರೆಕ್ಕೆ ಕೆಳಗೆ, ತಲೆಯ ಮೇಲೆ ಗುಳ್ಳೆಯಂಥ ಪಾರದರ್ಶಕ ಮುಚ್ಚಳ, ಅಂದರೆ ಕ್ಯಾನಪಿ. ರಾತ್ರಿಯೂ ಹಾರಬೇಕು ಅಂತ ಕಟ್ಟುವಾಗಲೇ ಆಸೆ ಇತ್ತು, ಹಾಗಾಗಿ ದೀಪದ ವಿಷಯದಲ್ಲಿ ಕೈ ಹಿಡಿಯಲಿಲ್ಲ. ಮಾಪಕ, ಸ್ವಿಚ್‌ಗಳೆಲ್ಲ ಇರುವ ಪ್ಯಾನಲ್‌ನ ಮೇಲಂಚಿನ ಕೆಳಗೆ ಈ ತುದಿಯಿಂದ ಆ ತುದಿಗೆ ಬಿಳಿ ಎಲ್‌ಇಡಿ ಪಟ್ಟಿ, ಪ್ರತಿ ಸ್ವಿಚ್‌ನ ಹಿಂದೆ ಒಂದು ಪುಟ್ಟ ದೀಪ, ಸೀಟಿನ ಹಿಂದೆ ಮ್ಯಾಪ್ ನೋಡೋಕೆ ಒಂದು, ಕಾಲ ಹತ್ತಿರ ಒಂದು, ಇಂಧನದ ವಾಲ್ವ್ ಮೇಲೆ ಇನ್ನೊಂದು. ಹ್ಯಾಂಗರ್ ಬಾಗಿಲು ಮುಚ್ಚಿ ಎಲ್ಲವನ್ನೂ ಹೊತ್ತಿಸಿದಾಗ ಮದುವೆ ಮನೆ ಥರ ಝಗಝಗ ಅಂತಿತ್ತು. ಫೋಟೋ ತೆಗೆದು ಗೆಳೆಯರಿಗೆಲ್ಲ ಕಳಿಸಿದ್ದೆ, ನಾಚಿಕೆ ಇಲ್ಲದೆ.

ಮೊದಲ ಸಲ ರಾತ್ರಿ ಮೇಲೆ ಹೋದಾಗ ಆ ಫೋಟೋದ ಬೆಲೆ ಗೊತ್ತಾಯಿತು. ರನ್‌ವೇ ಎಡಗಡೆ ಇರುವಂತೆ ಒಂದು ಸುತ್ತು ಹಾಕಿ ಇಳಿಯುವುದು, ಅಷ್ಟೇ ಕೆಲಸ. ಡೌನ್‌ವಿಂಡ್‌ನಲ್ಲಿ, ಅಂದರೆ ರನ್‌ವೇ ಪಕ್ಕದಲ್ಲೇ ಇಳಿಯುವ ದಿಕ್ಕಿಗೆ ಉಲ್ಟಾ ಹೋಗುವ ಭಾಗದಲ್ಲಿ, ಹೋಗುತ್ತಾ ಎಡಕ್ಕೆ ತಿರುಗಿ ನೋಡಿದರೆ ರನ್‌ವೇ ದೀಪಗಳ ಸಾಲಿನ ಮೇಲೆ ನನ್ನದೇ ಬಲಗಡೆಯ ಸ್ಕ್ರೀನ್ ತಿರುವುಮುರುವಾಗಿ ಕೂತಿದೆ. ತಲೆ ಸ್ವಲ್ಪ ಮುಂದೆ ಚಾಚಿದೆ, ಸ್ವಿಚ್‌ಗಳ ಸಾಲು ಬಂತು. ಹಿಂದಕ್ಕೆ ಒರಗಿದೆ, ನನ್ನ ಬಿಳಿ ಅಂಗಿ ಬಂತು. ಬೆಳಕು ಇಳಿಸೋಣ ಅಂತ ಡಿಮ್ಮರ್ ತಿರುಗಿಸಿದೆ. ಸುಮಾರು ದೂರ ಏನೂ ಆಗಲಿಲ್ಲ, ಆಮೇಲೆ ಒಂದೇ ಸಲ ಪಟ್ಟಿ ಪೂರ್ತಿ ಆರಿಹೋಯಿತು, ಇಳಿಯುವಾಗ ರೆಕ್ಕೆಯ ಹಿಂದಂಚು ಬಾಗಿಸುವ ಫ್ಲ್ಯಾಪ್ ಸ್ವಿಚ್ ಎಲ್ಲಿದೆ ಅಂತ ಕೈಯಲ್ಲಿ ತಡವಬೇಕಾಯಿತು. ದೀಪದ ಬುಡದಲ್ಲಿ ಕತ್ತಲೆ ಅಂತಾರೆ. ನನ್ನದು ಉಲ್ಟಾ, ಬುಡದಲ್ಲೆಲ್ಲ ಬೆಳಕು, ನೋಡಬೇಕಾದ ಕಡೆ ಮಾತ್ರ ಕತ್ತಲೆ.

ಇಳಿದೆ. ಚೆಂದವಾಗೇನೂ ಇಳಿಯಲಿಲ್ಲ. ಆಮೇಲೆ ಮೂರು ತಿಂಗಳು ಹಾರುವುದು ಬಿಟ್ಟು ಮಾಡಿದ ಕೆಲಸ ಅಂದರೆ ಇದ್ದ ದೀಪಗಳನ್ನು ತೆಗೆಯುವುದು, ತೆಗೆಯಲು ಆಗದ್ದನ್ನು ಮುಚ್ಚುವುದು, ಮುಚ್ಚಲು ಆಗದ್ದನ್ನು ಸರಿಯಾಗಿ ಮಂದ ಮಾಡುವುದು.

ಮೊದಲು ಕಣ್ಣಿನ ವಿಷಯ, ಯಾಕಂದರೆ ಬಾಕಿ ಎಲ್ಲಾ ಅದರ ಮೇಲೇ ನಿಂತಿದೆ. ಕಣ್ಣಿನ ಹಿಂಭಾಗದಲ್ಲಿ ಎರಡು ಬಗೆಯ ಕೋಶಗಳಿವೆ. ಶಂಕುಗಳು ಬಣ್ಣ ಮತ್ತು ಸೂಕ್ಷ್ಮ ವಿವರ ನೋಡುತ್ತವೆ, ಆದರೆ ಅವಕ್ಕೆ ಬೆಳಕು ಬೇಕು. ದಂಡಕೋಶಗಳು ಬಣ್ಣ ಕಾಣವು, ಆದರೆ ತುಂಬಾ ಕಡಿಮೆ ಬೆಳಕಿನಲ್ಲೂ ಕೆಲಸ ಮಾಡುತ್ತವೆ. ಬೆಳಕಿನಿಂದ ಕತ್ತಲೆಗೆ ಬಂದರೆ ಶಂಕುಗಳು ಹತ್ತು ನಿಮಿಷದೊಳಗೆ ಹೊಂದಿಕೊಳ್ಳುತ್ತವೆ, ದಂಡಕೋಶಗಳಿಗೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯಲ್ಲಿ ಗಳಿಸಿದ್ದನ್ನು ಜೋರು ಬೆಳಕು ಕೆಲವೇ ಸೆಕೆಂಡಿನಲ್ಲಿ ಕಳೆದುಬಿಡುತ್ತದೆ, ಮತ್ತೆ ಮೊದಲಿನಿಂದ ಶುರು. ಇನ್ನೊಂದು ಮಜಾ ಏನೆಂದರೆ ನೋಟದ ನಟ್ಟನಡುವೆ ದಂಡಕೋಶಗಳೇ ಇಲ್ಲ. ಮಂದವಾದ ವಸ್ತುವನ್ನು ನೇರ ದಿಟ್ಟಿಸಿದರೆ ಅದು ಮಾಯ. ಐದರಿಂದ ಹತ್ತು ಡಿಗ್ರಿ ಪಕ್ಕಕ್ಕೆ ನೋಡಿದರೆ ಮತ್ತೆ ಕಾಣುತ್ತದೆ. ಇದನ್ನು ತರಬೇತಿಯಲ್ಲಿ ಎಲ್ಲರೂ ಓದಿರುತ್ತೇವೆ, ಪರೀಕ್ಷೆ ಬರೆದು ಮರೆತಿರುತ್ತೇವೆ. ದಂಡಕೋಶಗಳಿಗೆ ಆಮ್ಲಜನಕದ ಕೊರತೆಯೂ ಬೇಗ ತಟ್ಟುತ್ತದೆ, ಅದಕ್ಕೇ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ರಾತ್ರಿ 5,000 ಅಡಿಗಿಂತ ಮೇಲೆ ಹೋದರೆ ಆಮ್ಲಜನಕ ಬಳಸಿ ಅಂತ ಸಲಹೆ ಕೊಡುತ್ತದೆ, ಹಗಲಿನ ಲೆಕ್ಕಕ್ಕಿಂತ ತುಂಬಾ ಕೆಳಗೆ.

ಹಾಗಾದರೆ ಕೆಂಪು ದೀಪ ಹಾಕಿಬಿಡೋಣ ಅಂತ ಎಲ್ಲರೂ ಹೇಳ್ತಾರೆ. ನನಗೂ ಹೇಳಿದರು, ನಾನೂ ಹಾಕಿದೆ. ಲೆಕ್ಕ ಸರಿಯೇ ಇದೆ. ದಂಡಕೋಶಗಳಿಗೆ ಅತಿ ಚುರುಕಾಗಿ ತಟ್ಟುವುದು ಸುಮಾರು 500 ನ್ಯಾನೋಮೀಟರಿನ ನೀಲಿ-ಹಸಿರು ಬೆಳಕು, 630 ದಾಟಿದ ಕೆಂಪು ಅವಕ್ಕೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಆದರೆ ಕೆಂಪಿನಲ್ಲಿ ಮ್ಯಾಪ್ ಬಿಚ್ಚಿ ನೋಡಿ. ಕೆಂಪು, ಮಜೆಂಟಾ ಗೆರೆಗಳೆಲ್ಲ ಕಾಗದದ ಬಣ್ಣದಲ್ಲೇ ಕರಗಿಹೋಗುತ್ತವೆ. ವಾಯುಪ್ರದೇಶದ ಗಡಿ ಗಾಯಬ್. ನನ್ನ ವಿಮಾನದಲ್ಲಿ ಸ್ಕ್ರೀನ್ ಕೆಟ್ಟರೆ ಇರಲಿ ಅಂತ ಹಳೇ ಮಾದರಿಯ ವೇಗಮಾಪಕ ಒಂದಿದೆ, ಅದರ ಮೇಲಿನ ಕೆಂಪು ಗೆರೆ, ಅಂದರೆ ಇದಕ್ಕಿಂತ ಜಾಸ್ತಿ ವೇಗ ಹೋದರೆ ಪ್ರಾಣಕ್ಕೇ ಸಂಚಕಾರ ಅಂತ ಹೇಳುವ ಗೆರೆ, ಕೆಂಪು ಬೆಳಕಿನಲ್ಲಿ ಬಿಳಿ ಗೆರೆಯ ಥರವೇ ಕಾಣುತ್ತದೆ. ಜೊತೆಗೆ ನನಗೆ ಐವತ್ತು ದಾಟಿದೆ. ಕೆಂಪು ಬೆಳಕು ಕಣ್ಣಿನೊಳಗೆ ಸ್ವಲ್ಪ ಹಿಂದೆ ಹೋಗಿ ಕೂಡುತ್ತದೆ, ಹತ್ತಿರದ್ದನ್ನು ಓದಲು ಮೊದಲೇ ತಿಣುಕುವ ಕಣ್ಣಿಗೆ ಅದು ಇನ್ನಷ್ಟು ಕಷ್ಟ. ಚಿಕ್ಕ ಅಕ್ಷರ ಮಬ್ಬಾಗುತ್ತದೆ, ಮಬ್ಬಾಯಿತು ಅಂತ ಬೆಳಕು ಜಾಸ್ತಿ ಮಾಡುತ್ತೇವೆ, ಜಾಸ್ತಿ ಮಾಡಿದರೆ ಕೆಂಪು ಹಾಕಿದ್ದೇ ದಂಡ.

ಈಗ ನನ್ನ ಪ್ಯಾನಲ್ ಮೇಲೆ ಬೀಳುವುದು ಬಿಳಿ ಬೆಳಕು, ಹಳದಿ ಛಾಯೆ ಇರುವ ಬಿಳಿ, ತೀರಾ ಮಂದ. ನನ್ನ ಅನುಭವದಲ್ಲಿ ಬೆಳಕಿನ ಬಣ್ಣಕ್ಕಿಂತ ಬೆಳಕು ಎಷ್ಟು ಅನ್ನುವುದೇ ಮುಖ್ಯ. ಊರಿನ ದೀಪಗಳ ಮೇಲೆ, ರನ್‌ವೇ ದೀಪಗಳ ಕಡೆ ಹಾರುವ ನಮಗೆ ದಂಡಕೋಶಗಳ ಪೂರ್ತಿ ಶಕ್ತಿ ಹೇಗೂ ಸಿಗುವುದಿಲ್ಲ. ಪೂರ್ತಿ ಕತ್ತಲಲ್ಲಿ, ಕೆಳಗೆ ಒಂದೂ ದೀಪ ಇಲ್ಲದ ಕಡೆ ಹಾರುವವರು ಬೇರೆ ಮಾತು ಹೇಳಬಹುದು. ಅವರ ಜೊತೆ ನನ್ನ ಜಗಳ ಇಲ್ಲ.

ಸರಿ, ಡಿಮ್ಮರ್. ಇದರ ಮೇಲೆ ನನ್ನ ಒಂದು ತಿಂಗಳು ಹೋಯಿತು.

ಹಳೇ ಕಾಲದ ತಂತಿ ಬಲ್ಬಿಗೆ ಕರೆಂಟ್ ಹೆಚ್ಚುಕಡಿಮೆ ಮಾಡುವ ಒಂದು ರಿಯೋಸ್ಟಾಟ್ ಸಾಕಿತ್ತು. ತಿರುಗಿಸಿದಂತೆ ಬೆಳಕು ಇಳಿಯುತ್ತಿತ್ತು, ಇಳಿಯುತ್ತಾ ಕೆಂಪಗೂ ಆಗುತ್ತಿತ್ತು, ಸುಮ್ನೆ ಸಿಕ್ಕ ಲಾಭ. ಎಲ್‌ಇಡಿ ಹಾಗಲ್ಲ. 12 ವೋಲ್ಟಿನ ಸಾಮಾನ್ಯ ಬಿಳಿ ಪಟ್ಟಿಯಲ್ಲಿ ಮೂರು ಮೂರು ಎಲ್‌ಇಡಿಗಳನ್ನು ಸಾಲಾಗಿ ಜೋಡಿಸಿ ಕರೆಂಟ್ ತಡೆಯಲು ಒಂದು ರೆಸಿಸ್ಟರ್ ಹಾಕಿರುತ್ತಾರೆ. ಏಳೂವರೆ ಎಂಟು ವೋಲ್ಟಿನ ತನಕ ಅದು ಬೆಳಗುವುದೇ ಇಲ್ಲ. ಅಲ್ಲಿಂದ ಒಂದು ವೋಲ್ಟ್ ಮೇಲೆ ಹೋಗುವಷ್ಟರಲ್ಲಿ ರಾತ್ರಿಗೆ ಬೇಕಾದ ಬೆಳಕೆಲ್ಲ ಬಂದು ಮುಗಿದಿರುತ್ತದೆ. ಅಂದರೆ ಗುಂಡಿಯ ಪೂರ್ತಿ ತಿರುವಿನಲ್ಲಿ ನನಗೆ ಉಪಯೋಗಕ್ಕೆ ಬರುತ್ತಿದ್ದದ್ದು ಉಗುರಿನಷ್ಟು ಜಾಗ. ಇದರ ಮೇಲೆ ನಮ್ಮ ಕಣ್ಣಿನ ಸ್ವಭಾವ ಬೇರೆ. ಬೆಳಕನ್ನು ನಿಜವಾಗಿ ಎಂಟರಲ್ಲಿ ಒಂದು ಪಾಲಿಗೆ ಇಳಿಸಿದರೆ ಕಣ್ಣಿಗೆ ಸುಮಾರು ಅರ್ಧ ಆದಂತೆ ಅನಿಸುತ್ತದೆ. ಅರ್ಧಕ್ಕೆ ಇಳಿಸಿದರೆ ಇಳಿದದ್ದೇ ಸರಿಯಾಗಿ ಗೊತ್ತಾಗುವುದಿಲ್ಲ. ಮೊದಲ ರಾತ್ರಿ ಆದದ್ದು ಇದೇ.

ಪಲ್ಸ್ ಮೂಲಕ ಮಂದ ಮಾಡುವ ರೆಡಿಮೇಡ್ ಡಿಮ್ಮರ್ ಒಂದು ತಂದು ಹಾಕಿ ನೋಡಿದೆ. ಅದು ದೀಪವನ್ನು ಸೆಕೆಂಡಿಗೆ ನೂರಾರು ಸಲ ಹೊತ್ತಿಸಿ ಆರಿಸುತ್ತದೆ, ಮಂದ ಮಾಡಲು ಚೆನ್ನಾಗೇ ಇತ್ತು. ಆದರೆ ಎಂಜಿನ್ ಶುರು ಮಾಡಿ ರೇಡಿಯೊ ಹಾಕಿದರೆ ಹೆಡ್‌ಸೆಟ್‌ನಲ್ಲಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಸದ್ದು, ಗುಂಡಿ ತಿರುಗಿಸಿದರೆ ಸದ್ದೂ ಬದಲಾಗುತ್ತಿತ್ತು. ಕಣ್ಣು ಸರಕ್ಕನೆ ಹೊರಳಿಸಿದರೆ ದೀಪದ ಗೆರೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತಿತ್ತು. ಒಳ್ಳೆಯ ಫಿಲ್ಟರ್ ಹಾಕಿ, ವೇಗದ ಪಲ್ಸ್ ಕೊಟ್ಟರೆ ಇದನ್ನೆಲ್ಲ ಸರಿ ಮಾಡಬಹುದು. ನನಗೆ ಅಷ್ಟು ತಾಳ್ಮೆ ಇರಲಿಲ್ಲ.

ಕೊನೆಗೆ ಎಲ್‌ಎಂ317 ಅನ್ನುವ ಮೂರು ಕಾಲಿನ ಹಳೇ ರೆಗ್ಯುಲೇಟರ್‌ಗೆ, ಅಂದರೆ ವೋಲ್ಟೇಜ್ ಅಲುಗದಂತೆ ಹಿಡಿದಿಡುವ ಬಿಡಿಭಾಗಕ್ಕೆ, ಬಂದೆ. ಸದ್ದಿಲ್ಲ, ಪಲ್ಸ್ ಇಲ್ಲ. ವಿಮಾನ ನಿಂತಾಗ ಬ್ಯಾಟರಿ ಹನ್ನೆರಡೂವರೆ ವೋಲ್ಟ್, ಎಂಜಿನ್ ತಿರುಗಿಸಿ ವಿದ್ಯುತ್ ಮಾಡುವ ಆಲ್ಟರ್ನೇಟರ್ ಓಡಿದರೆ ಹದಿನಾಲ್ಕು, ಬರೀ ರೆಸಿಸ್ಟರ್ ಹಾಕಿದ್ದಾಗ ಎಂಜಿನ್ ವೇಗ ಹಿಡಿದ ಕೂಡಲೇ ಪ್ಯಾನಲ್ ಬೆಳ್ಳಗಾಗುತ್ತಿತ್ತು. ಈಗ ಕದಲುವುದಿಲ್ಲ. ಮುಖ್ಯ ಕೆಲಸ ಏನೆಂದರೆ ಗುಂಡಿ ತಿರುಗಿಸಿದಂತೆ ತಡೆ ಬದಲಾಗುವ ಪೊಟೆನ್ಷಿಯೋಮೀಟರ್ ಜೊತೆ ಸಾಲಾಗಿ ಒಂದು ರೆಸಿಸ್ಟರ್ ಸೇರಿಸಿ, ಗುಂಡಿ ಪೂರ್ತಿ ಕೆಳಗಿದ್ದಾಗಲೂ ಪಟ್ಟಿ ಮಿಣುಕು ಮಿಣುಕು ಅನ್ನುವಷ್ಟು ವೋಲ್ಟೇಜ್ ಸಿಗುವ ಹಾಗೆ ಮಾಡಿದೆ, ಮೇಲಿನ ತುದಿಯನ್ನೂ ಹತ್ತು ವೋಲ್ಟಿಗೇ ಕಟ್ಟಿಹಾಕಿದೆ. ಈಗ ಗುಂಡಿಯ ಪ್ರತಿ ಕೂದಲೆಳೆಯೂ ಕೆಲಸ ಮಾಡುತ್ತದೆ. ಯಾವ ರೆಸಿಸ್ಟರ್ ಅಂತ ಕೇಳಬೇಡಿ, ನಿಮ್ಮ ಪಟ್ಟಿಯನ್ನು ಕತ್ತಲಲ್ಲಿ ಇಟ್ಟು, ಮಲ್ಟಿಮೀಟರ್ ಹಿಡಿದು ನೀವೇ ಹುಡುಕಿಕೊಳ್ಳಬೇಕು, ಒಂದೊಂದು ಪಟ್ಟಿಯದೂ ಒಂದೊಂದು ಥರ.

ಎರಡು ಎಚ್ಚರಿಕೆ. ಎಲ್‌ಎಂ317ರ ಲೋಹದ ಬೆನ್ನು ಔಟ್‌ಪುಟ್‌ಗೆ ಸೇರಿಕೊಂಡಿರುತ್ತದೆ. ಬಿಸಿ ಹೋಗಲಿ ಅಂತ ಅದನ್ನು ಹಾಗೇ ವಿಮಾನದ ಅಲ್ಯೂಮಿನಿಯಂಗೆ ಬೋಲ್ಟ್ ಮಾಡಿದರೆ ಔಟ್‌ಪುಟ್ ನೇರ ಗ್ರೌಂಡ್‌ಗೆ. ನಡುವೆ ಕರೆಂಟ್ ಹಾಯದ ಮೈಕಾ ತುಂಡು, ಬೋಲ್ಟಿಗೆ ಪ್ಲಾಸ್ಟಿಕ್ ವಾಷರ್ ಬೇಕು. ಎರಡನೆಯದು ಇದಕ್ಕಿಂತ ಕೆಟ್ಟದ್ದು. ಪೊಟೆನ್ಷಿಯೋಮೀಟರ್‌ಗೆ ಹೋಗುವ ವೈರ್ ಕಿತ್ತುಬಂದರೆ ದೀಪ ಆರುವುದಿಲ್ಲ, ಪೂರ್ತಿ ಜೋರಾಗಿ ಹೊತ್ತಿಕೊಳ್ಳುತ್ತದೆ. ಇಳಿಯುವ ಹೊತ್ತಿನಲ್ಲಿ ಮುಖಕ್ಕೆ ಬೆಳಕು ಎರಚಿದಂತೆ ಆದರೆ ಏನು ಗತಿ? ಅದಕ್ಕೇ ಡಿಮ್ಮರ್ ಇದ್ದರೂ ಪ್ರತ್ಯೇಕ ಆನ್-ಆಫ್ ಸ್ವಿಚ್ ಇಟ್ಟಿದ್ದೇನೆ, ಕಣ್ಣು ಮುಚ್ಚಿಯೂ ಕೈಗೆ ಸಿಗುವ ಜಾಗದಲ್ಲಿ, ಬೇರೆ ಆಕಾರದ ಹಿಡಿಯ ಜೊತೆ. ಪಟ್ಟಿಗೆ ಒಂದು ಫ್ಯೂಸ್, ಸ್ವಿಚ್‌ಗಳ ಹಿಂದಿನ ದೀಪಗಳಿಗೆ ಇನ್ನೊಂದು. ಒಂದು ಹೋದರೆ ಇನ್ನೊಂದು ಇರುತ್ತದೆ.

ಪ್ರತಿಬಿಂಬಕ್ಕೆ ಬರೋಣ. ಕ್ಯಾನಪಿ ಮಾಡಿದ ಅಕ್ರಿಲಿಕ್ ಪ್ಲಾಸ್ಟಿಕ್‌ನ ಪ್ರತಿ ಮೇಲ್ಮೈ ನೇರ ಬಿದ್ದ ಬೆಳಕಿನ ಸುಮಾರು ನೂರಕ್ಕೆ 4ರಷ್ಟನ್ನು ವಾಪಸ್ ಕೊಡುತ್ತದೆ. ಒಳಮೈ ಹೊರಮೈ ಸೇರಿ 8. ಓರೆಯಾಗಿ ಬಿದ್ದರೆ ಇನ್ನೂ ಜಾಸ್ತಿ, ಗುಳ್ಳೆಯಲ್ಲಿ ಎಲ್ಲವೂ ಎಲ್ಲೋ ಒಂದು ಕಡೆ ಓರೆಯಾಗೇ ಬೀಳುತ್ತದೆ. ಹೊರಗೆ ಬೆಳಕೇ ಇಲ್ಲದಾಗ ಆ 8 ಸಾಕು ಕಾಟ ಕೊಡೋಕೆ. ಪ್ಯಾನಲ್ ಮೇಲಿನ ಚಾವಣಿಗೆ ಮ್ಯಾಟ್ ಕಪ್ಪು ಬಣ್ಣ ಬಳಿದೆ, ಅದರ ತುಟಿಯನ್ನು ಒಂದೂವರೆ ಇಂಚು ನನ್ನ ಕಡೆಗೆ ಚಾಚಿಸಿದೆ, ಎಲ್‌ಇಡಿ ಪಟ್ಟಿಯನ್ನು ಆ ತುಟಿಯ ಒಳಗೆ ಪ್ಯಾನಲ್ ಕಡೆ ಮುಖ ಮಾಡಿ ಕೂರಿಸಿದೆ. ನನ್ನ ಸೀಟಿನಿಂದ ಒಂದೂ ಎಲ್‌ಇಡಿ ನೇರವಾಗಿ ಕಾಣಬಾರದು, ಅದು ಬೀಳುವ ಜಾಗ ಮಾತ್ರ ಕಾಣಬೇಕು. ಪಕ್ಕದ ಸೀಟಿನಲ್ಲೂ ಕೂತು ನೋಡಿ, ಗಿಡ್ಡಗಿರುವವರನ್ನೂ ಕೂರಿಸಿ ನೋಡಿ. ಸೀಟಿನ ಹಿಂದಿನ ಮ್ಯಾಪ್ ದೀಪವನ್ನು ಕಿತ್ತೇ ಹಾಕಿದೆ. ಬಿಳಿ ಅಂಗಿಯನ್ನೂ ಬಿಟ್ಟೆ. ನಗಬೇಡಿ, ಕಡು ಬಣ್ಣದ ಅಂಗಿ ಹಾಕಿಕೊಳ್ಳುವುದು ಈ ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ ಸುಧಾರಣೆ.

ಆಮೇಲೆ ಪುಂಡ ದೀಪಗಳು. ಯಾರೂ ಬೇಡ ಅಂದರೂ ಪ್ರತಿ ಉಪಕರಣಕ್ಕೂ ಒಂದು ಎಲ್‌ಇಡಿ ಅಂಟಿಸಿ ಕಳಿಸುತ್ತಾರೆ. ಯುಎಸ್‌ಬಿ ಚಾರ್ಜರ್‌ನ ಸುತ್ತ ನೀಲಿ ಉಂಗುರ, ದಂಡಕೋಶಗಳಿಗೆ ಇದಕ್ಕಿಂತ ದೊಡ್ಡ ಶತ್ರು ಬೇಕಿಲ್ಲ, ಕಣ್ಣು ಅದರ ಮೇಲೆ ಸರಿಯಾಗಿ ಫೋಕಸ್ ಕೂಡ ಮಾಡಲಾರದು, ಹಾಗಾಗಿ ಮಬ್ಬು ಮಂಜಿನ ಥರ ಹರಡಿಕೊಂಡು ಕೂರುತ್ತದೆ. ಅದಕ್ಕೆ ಕಪ್ಪು ಟೇಪ್. ಸಾಯಂಕಾಲದ ಹೊತ್ತಿಗೆ ಕಾಣಬೇಕು ಆದರೆ ರಾತ್ರಿ ಚುಚ್ಚಬಾರದು ಅನ್ನುವಂಥವಕ್ಕೆ ಉಗುರು ಬಣ್ಣದ ಒಂದೆರಡು ಲೇಪ. ಎಚ್ಚರಿಕೆ ದೀಪಗಳನ್ನು ಮಾತ್ರ ಯೋಚಿಸಿ ಮುಟ್ಟಬೇಕು. ಆಯಿಲ್ ಒತ್ತಡದ ಕೆಂಪು ದೀಪ ರಾತ್ರಿ ಹೊತ್ತಿದರೆ ಕುರುಡಾಗುವಷ್ಟು ಜೋರಿತ್ತು, ಅದನ್ನು ಡಿಮ್ಮರ್‌ಗೆ ಸೇರಿಸಿದ್ದೆ. ಒಂದು ದಿನ ಡಿಮ್ಮರ್ ಕೆಳಗೇ ಇದ್ದದ್ದು ಮರೆತು ಹಗಲು ಹೊರಟೆ, ಎಂಜಿನ್ ಶುರು ಮಾಡುವ ಮೊದಲು ಹೊತ್ತಿರಬೇಕಾದ ದೀಪ ಬಿಸಿಲಿಗೆ ಕಾಣಲೇ ಇಲ್ಲ. ಕೆಟ್ಟಿದೆ ಅಂತ ಅರ್ಧ ದಿನ ಪ್ಯಾನಲ್ ಬಿಚ್ಚಿ ಹುಡುಕಿದ್ದೇನೆ. ಈಗ ಅದಕ್ಕೆ ಹಗಲು-ರಾತ್ರಿ ಎರಡೇ ಮಟ್ಟ, ಸಣ್ಣ ಸ್ವಿಚ್‌ನಲ್ಲಿ, ಮತ್ತು ರಾತ್ರಿಯ ಮಟ್ಟವೂ ಹಗಲಲ್ಲಿ ಕೈ ಅಡ್ಡ ಹಿಡಿದರೆ ಕಾಣುವಷ್ಟು.

ದೊಡ್ಡ ಸ್ಕ್ರೀನ್‌ಗಳದ್ದು ಅಷ್ಟೇನೂ ತಕರಾರಿಲ್ಲ, ವಿಮಾನಕ್ಕಂತಲೇ ಮಾಡಿದವು ಸಾಕಷ್ಟು ಕೆಳಗೆ ಇಳಿಯುತ್ತವೆ. ತಾನಾಗಿ ಬೆಳಕು ಹೊಂದಿಸಿಕೊಳ್ಳುವ ಸೆನ್ಸರ್ ಇದ್ದರೆ ನಾನು ರಾತ್ರಿ ಅದನ್ನು ಆರಿಸುತ್ತೇನೆ. ಟಾರ್ಚ್ ಹಾಕಿದ ಕೂಡಲೇ ಬೆಳಗಾಯಿತು ಅಂದುಕೊಂಡು ಜೋರಾಗುತ್ತವೆ. ಟ್ಯಾಬ್ಲೆಟ್ ಬೇರೆ ಕಥೆ. ಅತಿ ಕಡಿಮೆ ಮಟ್ಟದಲ್ಲೂ ಅದು ಲಾಟೀನು. ಕಪ್ಪು ಹಿನ್ನೆಲೆಯ ಮ್ಯಾಪ್ ಹಾಕಿಕೊಂಡರೆ ಅರ್ಧ ವಾಸಿ, ಬಿಳಿಯ ತೀವ್ರತೆ ಕಡಿಮೆ ಮಾಡುವ ಸೆಟ್ಟಿಂಗ್ ಇನ್ನರ್ಧ. ಆದರೂ ಇಳಿಯುವ ಹೊತ್ತಿಗೆ ನಾನು ಅದನ್ನು ಬೋರಲು ಹಾಕಿಬಿಡುತ್ತೇನೆ.

ಹೊರಗಿನ ದೀಪಗಳ ಬಗ್ಗೆ ನಿಯಮಗಳು ಮಾತಾಡುತ್ತವೆ, ಒಳಗಿನದರ ಬಗ್ಗೆ ಅಷ್ಟಾಗಿ ಇಲ್ಲ. ಅಮೆರಿಕದ 91.205 ನಿಯಮ ರಾತ್ರಿ ಕಣ್ಣಿಂದ ಹೊರಗೆ ನೋಡಿಕೊಂಡು ಹಾರುವುದಕ್ಕೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿಯ ಪೊಸಿಷನ್ ಲೈಟ್ ಕೇಳುತ್ತದೆ, ಡಿಕ್ಕಿ ತಪ್ಪಿಸುವ ಮಿನುಗು ದೀಪ ಕೇಳುತ್ತದೆ, ಸಾಕಷ್ಟು ವಿದ್ಯುತ್ ಕೇಳುತ್ತದೆ, ಕೈಗೆ ಸಿಗುವಂತೆ ಬದಲಿ ಫ್ಯೂಸ್‌ಗಳನ್ನೂ ಕೇಳುತ್ತದೆ. ಪ್ಯಾನಲ್ ಮೇಲೆ ಬೆಳಕಿರಲಿ ಅಂತ ಅದರಲ್ಲಿ ಬರೆದಿಲ್ಲ! ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ರಾತ್ರಿ ಹಾರುವ ಅನುಮತಿ ಇದೆಯೋ ಇಲ್ಲವೋ ಅನ್ನುವುದು ಆಯಾ ದೇಶದ, ಆಯಾ ವಿಮಾನದ ಕಾಗದದಲ್ಲಿ ಇರುತ್ತದೆ, ಅದನ್ನು ಮೊದಲು ಓದಿ. ಈ ಹೊರಗಿನ ದೀಪಗಳೂ ಒಳಗೆ ನುಗ್ಗುತ್ತವೆ. ರೆಕ್ಕೆತುದಿಯ ಸ್ಟ್ರೋಬ್, ಅಂದರೆ ಆ ಮಿನುಗು ದೀಪ, ನನ್ನ ಕಣ್ಣಿಗೆ ನೇರ ಹೊಡೆಯುತ್ತಿತ್ತು, ಒಂದು ಚಿಕ್ಕ ತಗಡಿನ ಮರೆ ಮಾಡಿದೆ, ಬೇರೆ ವಿಮಾನಕ್ಕೆ ಕಾಣಬೇಕಾದ ಕೋನ ಮುಚ್ಚದಂತೆ ಅಳೆದು. ಮಂಜಿನಲ್ಲಿ ಸ್ಟ್ರೋಬ್ ಹಾಕಿದರೆ ಇಡೀ ಆಕಾಶ ಚಕ್‌ಚಕ್ ಅಂತ ಬೆಳಗುತ್ತದೆ, ಆಗ ಆರಿಸುವುದೇ ವಾಸಿ. ಲ್ಯಾಂಡಿಂಗ್ ಲೈಟ್ ನನ್ನದು ರೆಕ್ಕೆಯಲ್ಲಿದೆ. ಮೂಗಿನಲ್ಲಿ ಇಟ್ಟವರಿಗೆ ಪ್ರೊಪೆಲರ್ ಮೇಲೆ ಬಿದ್ದು ವಾಪಸ್ ಬರುವ ಮಿನುಗಿನ ಕಾಟ, ಅವರು ಪ್ರೊಪೆಲರ್ ಅಲಗುಗಳ ಹಿಂಭಾಗಕ್ಕೆ ಮ್ಯಾಟ್ ಕಪ್ಪು ಬಳಿಯಲೇಬೇಕು.

ದಿಕ್ಸೂಚಿಯ ದೀಪ ಮರೆಯುತ್ತಿದ್ದೆ. ಅದಕ್ಕೆ ಹೋಗುವ ವೈರಿನಲ್ಲಿ ಹರಿಯುವ ಕರೆಂಟೇ ಸೂಜಿಯನ್ನು ಎಳೆಯುತ್ತದೆ. ಒಂದು ವೈರ್ ಕೊಟ್ಟು ವಾಪಸ್ಸಿಗೆ ವಿಮಾನದ ಮೈಯನ್ನೇ ಬಳಸಿದರೆ ದೀಪ ಹಾಕಿದಾಗ ಒಂದು ದಿಕ್ಕು, ಆರಿಸಿದಾಗ ಇನ್ನೊಂದು. ಹೋಗುವ ವೈರ್, ಬರುವ ವೈರ್ ಎರಡನ್ನೂ ಜಡೆ ಹೆಣೆದಂತೆ ಸುತ್ತಿ ತಂದರೆ ಒಂದರ ಸೆಳೆತ ಇನ್ನೊಂದು ಕಳೆಯುತ್ತದೆ. ಹಾಗೇ ಒಬ್ಬ ಗೆಳೆಯನ ವಿಮಾನದಲ್ಲಿ ಇಂಧನದ ಮಟ್ಟ ತೋರಿಸುವುದು ರೆಕ್ಕೆಯ ಬುಡದ ಪಾರದರ್ಶಕ ಕೊಳವೆ. ಹಗಲಲ್ಲಿ ಇದಕ್ಕಿಂತ ನಂಬಿಗಸ್ತ ಮಾಪಕ ಇಲ್ಲ, ರಾತ್ರಿ ಅದು ಬರೀ ಕಪ್ಪು ಕೊಳವೆ. ಅವನು ಅದರ ಹಿಂದೆ ಒಂದು ಎಲ್‌ಇಡಿ ಇಟ್ಟು, ಒತ್ತಿದಾಗ ಮಾತ್ರ ಹೊತ್ತುವ ಸ್ವಿಚ್ ಹಾಕಿದ್ದಾನೆ. ನನಗೆ ಈ ಒತ್ತು-ಸ್ವಿಚ್‌ನ ಯೋಚನೆ ತುಂಬಾ ಹಿಡಿಸಿತು, ಕಾಲ ಹತ್ತಿರದ ದೀಪಕ್ಕೂ ಇಂಧನದ ವಾಲ್ವ್ ದೀಪಕ್ಕೂ ಅದನ್ನೇ ಮಾಡಿಕೊಂಡೆ.

ಟಾರ್ಚ್ ಎರಡು. ಒಂದು ಕುತ್ತಿಗೆಗೆ ದಾರದಲ್ಲಿ, ಇನ್ನೊಂದು ಸೀಟಿನ ಪಕ್ಕದ ಜೇಬಿನಲ್ಲಿ. ಹೆಡ್‌ಸೆಟ್‌ನ ಮೈಕ್ ಕಡ್ಡಿಗೆ ಸಿಕ್ಕಿಸುವ ಪುಟ್ಟ ದೀಪ ಕೂಡ ಇದೆ, ತಲೆ ತಿರುಗಿದ ಕಡೆ ಬೆಳಕು, ಎರಡೂ ಕೈ ಖಾಲಿ, ಬೆಳಕು ಕ್ಯಾನಪಿಗೆ ಬೀಳದೆ ತೊಡೆ ಮೇಲೆ ಬೀಳುತ್ತದೆ. ಹಣೆಗೆ ಕಟ್ಟುವ ದೀಪ ಮಾತ್ರ ಬೇಡ. ಪಕ್ಕದಲ್ಲಿದ್ದವರ ಕಡೆ ತಿರುಗಿದರೆ ಅವರ ಅರ್ಧ ಗಂಟೆ ಹೋಯ್ತು.

ಇಷ್ಟೆಲ್ಲ ಮಾಡಿದ ಮೇಲೂ ಹಾರುವ ಮೊದಲು ನೆಲದ ಮೇಲೇ ಪರೀಕ್ಷೆ ಮಾಡಿದೆ. ಅಮಾವಾಸ್ಯೆಯ ಹತ್ತಿರದ ರಾತ್ರಿ, ವಿಮಾನವನ್ನು ಹೊರಗೆ ತಳ್ಳಿ, ಕ್ಯಾನಪಿ ಮುಚ್ಚಿ, ಎಲ್ಲ ಆರಿಸಿ ಅರ್ಧ ಗಂಟೆ ಸುಮ್ನೆ ಕೂತೆ. ಫೋನ್ ಕೂಡ ಮುಟ್ಟಲಿಲ್ಲ, ಇದೇ ಎಲ್ಲಕ್ಕಿಂತ ಕಷ್ಟ. ಆಮೇಲೆ ಒಂದೊಂದೇ ಸ್ವಿಚ್ ಹಾಕುತ್ತಾ, ಪ್ರತಿಯೊಂದಕ್ಕೂ ಸುತ್ತಲೂ ತಲೆ ತಿರುಗಿಸಿ ಕ್ಯಾನಪಿಯಲ್ಲಿ ಏನು ಮೂಡಿತು ಅಂತ ನೋಡಿದೆ. ಬ್ಯಾಟರಿಗೆ ಚಾರ್ಜರ್ ಹಾಕಿ ಹದಿನಾಲ್ಕು ವೋಲ್ಟಿನಲ್ಲಿ ಇನ್ನೊಮ್ಮೆ. ಪುಂಡ ದೀಪಗಳಲ್ಲಿ ನಾಲ್ಕು ಸಿಕ್ಕಿದ್ದು ಆ ರಾತ್ರಿಯೇ.

ಎರಡನೇ ಸಲ ರಾತ್ರಿ ಹಾರಿದಾಗ ಡೌನ್‌ವಿಂಡ್‌ನಲ್ಲಿ ಎಡಕ್ಕೆ ನೋಡಿದೆ. ರನ್‌ವೇ ಇತ್ತು, ಅದರ ಮೇಲೆ ಏನೂ ಇರಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಗೆಳೆಯ, ಹಳೇ ಫೋಟೋ ನೋಡಿದ್ದವನು, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಏನೋ, ಅಷ್ಟೆಲ್ಲ ದೀಪ ಹಾಕಿದ್ದೆ ಅಂದಿದ್ದೆಯಲ್ಲ, ಒಂದೂ ಹತ್ತುತ್ತಿಲ್ವಾ?" ಹೇಳಿ ಮುಗಿಸುವ ಮೊದಲೇ ಪ್ಯಾನಲ್ ಫೋಟೋ ತೆಗೆಯೋಕೆ ಫೋನ್ ಕೈಗೆತ್ತಿಕೊಂಡಿದ್ದ. ಫ್ಲ್ಯಾಶ್ ಆನ್ ಇತ್ತು.

ಈಗ ಚೆಕ್‌ಲಿಸ್ಟ್‌ನಲ್ಲಿ ಒಂದು ಸಾಲು ಸೇರಿಸಿದ್ದೇನೆ, ಸೀಟ್ ಬೆಲ್ಟ್ ಆದ ಮೇಲೆ: ಪಕ್ಕದವರ ಫೋನ್ ಜೇಬಿಗೆ.